ದೊಡ್ಡ ಮರದಡಿ ಪುಟ್ಟ ಮಕ್ಕಳು



ಬೆಂಗಳೂರು-ಮೈಸೂರು ರಸ್ತೆಯಿಂದ ಒಳಗೆ ತಿರುಗಿ ರಾಮೋಹಳ್ಳಿಯ ಕಡೆ ಹೋದರೆ ಕೇತೋಹಳ್ಳಿಯಲ್ಲಿ 'ದೊಡ್ಡ ಆಲದ ಮರ' ಇದೆ. ಸುಮಾರು 3 ಎಕರೆಯಷ್ಟು ಹರಡಿರುವ ಈ ಮರಕ್ಕೆ 400 ವರ್ಷ ವಯಸ್ಸಾಗಿದೆ ಎನ್ನುತ್ತಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ನಾವು ಮಾಡುವುದೇನು? "ನೋಡು, ಎಷ್ಟು ದೊಡ್ಡ ಮರ!" ಎನ್ನುತ್ತೇವೆ. ಫೋಟೊ ತೆಗೆದು, ತಿಂಡಿ ತಿಂದು ಹೊರಟುಬಿಡುತ್ತೇವೆ. ಮನೆಗೆ ಬಂದ ಮಗುವಿಗೆ ಅಲ್ಲಿನ ಮಂಗಗಳು ನೆನಪಿರುತ್ತವೆ, ಮರ ನೆನಪಿರುವುದಿಲ್ಲ.

ಇದು ಮಗುವಿನ ತಪ್ಪಲ್ಲ. ಐದಾರು ವರ್ಷದ ಮಗುವಿಗೆ ಎಕರೆ ಎಂದರೂ ನಾನೂರು ವರ್ಷ ಎಂದರೂ ಬರೀ ಮಾತು. ಅದು ಕಲಿಯುವುದು ಮುಟ್ಟಿ, ಮೂಸಿ, ನಡೆದು. ಆದ್ದರಿಂದ ಮಗುವಿಗೆ ಮಾಹಿತಿಗಿಂತ ಮೊದಲು ಸಮಯ ಕೊಡಿ.

ಅಳೆಯಲು ಬಿಡಿ

ಮರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಷ್ಟು ಹೆಜ್ಜೆ ಎಂದು ಮಗುವೇ ಎಣಿಸಲಿ. ಲೆಕ್ಕ ತಪ್ಪಿದರೆ ತಪ್ಪಲಿ. ಒಂದು ಕಾಂಡವನ್ನು ಎಷ್ಟು ಮಕ್ಕಳು ಕೈಕೈ ಹಿಡಿದು ಸುತ್ತುವರಿಯಬಹುದು? ತೊಗಟೆಯ ಮೇಲೆ ಕಾಗದವಿಟ್ಟು ಬಣ್ಣದ ಕಡ್ಡಿಯಿಂದ ಮೆಲ್ಲನೆ ಉಜ್ಜಿದರೆ ಅದರ ಗೆರೆಗಳು ಮೂಡುತ್ತವೆ. ಕೆಳಗೆ ಬಿದ್ದ ಕೆಂಪು ಹಣ್ಣೊಂದನ್ನು ಸೀಳಿ ತೋರಿಸಿ. ಆಲದ ಹೂವು ಹೊರಗೆ ಕಾಣುವುದಿಲ್ಲ. ನೂರಾರು ಪುಟ್ಟ ಹೂಗಳು ಆ ಕಾಯೊಳಗೇ ಅರಳುತ್ತವೆ. ಕಣಜದ ಜಾತಿಯ ಒಂದು ಅತಿ ಚಿಕ್ಕ ಕೀಟ ಒಳಗೆ ನುಗ್ಗಿ ಪರಾಗಸ್ಪರ್ಶ ಮಾಡುತ್ತದೆ. ಹಕ್ಕಿಗಳೂ ಬಾವಲಿಗಳೂ ಹಣ್ಣು ತಿಂದು ಬೀಜ ಹರಡುತ್ತವೆ. ಇಷ್ಟು ದೊಡ್ಡ ಮರದ ಬೀಜ ಸಾಸಿವೆಗಿಂತ ಹೆಚ್ಚು ದೊಡ್ಡದೇನಲ್ಲ ಎಂದು ತಿಳಿದಾಗ ಮಗುವಿನ ಮುಖ ನೋಡಿ!

"ಇದರಲ್ಲಿ ನಿಜವಾದ ಮರ ಯಾವುದು?"

ನೂರಾರು ಕಾಂಡಗಳ ನಡುವೆ ನಿಂತ ಮಗು ಈ ಪ್ರಶ್ನೆ ಕೇಳಿಯೇ ಕೇಳುತ್ತದೆ. ಉತ್ತರ ಮರೆಮಾಚಬೇಡಿ. ಮೊದಲ ಕಾಂಡ ಈಗಿಲ್ಲ. ರೋಗ ತಗುಲಿ 2000ದ ಸುಮಾರಿಗೆ ನಾಶವಾಯಿತು. ಆದರೆ ಅದಕ್ಕೂ ಬಹಳ ಮೊದಲೇ ಕೊಂಬೆಗಳಿಂದ ಇಳಿದ ಬಿಳಲುಗಳು ನೆಲಕ್ಕೆ ಬೇರುಬಿಟ್ಟು, ದಪ್ಪವಾಗಿ, ತಾವೇ ಕಾಂಡಗಳಾಗಿದ್ದವು. ಅವುಗಳ ಆಸರೆಯಲ್ಲಿ ಮರ ಬದುಕಿದೆ. 2024ರ ಜೂನ್ ತಿಂಗಳ ಮಳೆಗಾಳಿಗೆ ಅದರ ಒಂದು ಭಾಗ ಉರುಳಿಬಿದ್ದದ್ದನ್ನೂ ಹೇಳಿ.

ಅಜ್ಜನನ್ನೋ ಅಜ್ಜಿಯನ್ನೋ ಕಳೆದುಕೊಂಡ ಮಗುವಾದರೆ ಇದನ್ನು ಕೇಳಿ ಸುಮ್ಮನಾಗಬಹುದು, ಇಲ್ಲವೇ ಇನ್ನೊಂದು ಪ್ರಶ್ನೆ ಕೇಳಬಹುದು. ಆಗ ಉಪದೇಶಕ್ಕೆ ಅವಸರ ಮಾಡಬೇಡಿ. ಪಕ್ಕದಲ್ಲಿ ಕುಳಿತು ಅದರ ಮಾತು ಕೇಳಿ. ಮನೆಯಲ್ಲಿ ಬಾಯಿಗೆ ಬಾರದ ಮಾತು ಮರದ ನೆರಳಲ್ಲಿ ಎಷ್ಟೋ ಸಲ ಸುಲಭವಾಗಿ ಬರುತ್ತದೆ.

ಕೆಲವು ಎಚ್ಚರಿಕೆಗಳು

ಎಳೆಯ ಬಿಳಲುಗಳನ್ನು ಹಿಡಿದು ಜೋತಾಡಲು ಬಿಡಬೇಡಿ. ನಾಳೆ ಕೊಂಬೆಗೆ ಆಸರೆಯಾಗಬೇಕಾದದ್ದು ಅದೇ. ತೊಗಟೆಯ ಮೇಲೆ ಹೆಸರು ಕೆತ್ತುವುದು ಬೇಡ. ಬೇಲಿ ಇರುವ ಕಡೆ ಒಳಗೆ ಹೋಗಬೇಡಿ. ಎಲೆ ಕಿತ್ತಾಗ ಒಸರುವ ಹಾಲು ಕಣ್ಣಿಗೆ ತಾಗದಿರಲಿ. ಮಂಗಗಳಿಗೆ ತಿಂಡಿ ಕೊಡಬೇಡಿ. ಗಾಳಿಮಳೆ ಬಂದರೆ ಮರದಡಿ ನಿಲ್ಲಬೇಡಿ.

ಈ ವಾರ ಮನೆಯಲ್ಲಿ

ಕೇತೋಹಳ್ಳಿಗೆ ಹೋಗಲು ಎಲ್ಲರಿಗೂ ಆಗದು, ಆಗಬೇಕೆಂದೂ ಇಲ್ಲ. ಚರ್ಚಿನ ಆವರಣದ ಮಾವು, ಶಾಲೆಯ ಬಳಿಯ ಅರಳಿ, ಬೀದಿಯ ಹೊಂಗೆ, ಯಾವುದಾದರೂ ಒಂದು ಮರ ಸಾಕು. ಅದನ್ನು ಮಗುವೇ ಆರಿಸಲಿ. ಭಾನುವಾರ ಪೂಜೆ ಮುಗಿದ ಮೇಲೆ ಅದರಡಿ ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ಮೊಬೈಲ್ ಜೇಬಿನಲ್ಲೇ ಇರಲಿ. ಬಳಿಕ ಮೂರು ಪ್ರಶ್ನೆ ಕೇಳಿ: ಏನು ಕೇಳಿಸಿತು? ಯಾರು ಬಂದುಹೋದರು? ಕಳೆದ ಸಲಕ್ಕಿಂತ ಏನು ಬದಲಾಗಿದೆ? ಉತ್ತರಗಳನ್ನು ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ.

ಒಂದು ವರ್ಷ ಹೀಗೆ ನಡೆದರೆ ಚಿಗುರು, ಹೂವು, ಕಾಯಿ, ಎಲೆ ಉದುರುವುದು ಎಲ್ಲವನ್ನೂ ಮಗು ತಾನೇ ಕಂಡಿರುತ್ತದೆ. ಆಮೇಲೆ ಆ ಮರಕ್ಕೆ ಯಾರಾದರೂ ಕೊಡಲಿ ಎತ್ತಿದರೆ "ಯಾಕೆ?" ಎಂದು ಮೊದಲು ಕೇಳುವುದು ನಿಮ್ಮ ಮಗುವೇ.