ಮೊದಲು ಬಾಗಿಲು, ಆಮೇಲೆ ಸ್ಪೀಕರ್

ಚಿ. ಅಳಿಯನಿಗೆ,

ಅಹಮದಾಬಾದಿನಲ್ಲಿ ಕೆಲಸ ಖಾಯಂ ಆದದ್ದು, ಸೆಕೆಂಡ್ ಹ್ಯಾಂಡ್ ಟಿಯಾಗೊ ಜೆಟಿಪಿ ಮನೆಗೆ ಬಂದದ್ದು, ಅದರ ಮ್ಯೂಸಿಕ್ ಸಿಸ್ಟಮ್ ಬದಲಿಸಲೆಂದು 25,000 ರೂಪಾಯಿ ಎತ್ತಿಟ್ಟದ್ದು ಎಲ್ಲ ತಿಳಿಯಿತು. ಬರೋಡಾ, ಸೂರತ್ ಕಡೆ ದುಡಿಯುವ ನಮ್ಮ ಹುಡುಗರಲ್ಲಿ ಹಲವರ ತಲೆಯಲ್ಲೂ ಇದೇ ಹುಳು ಇರುವುದರಿಂದ ಉತ್ತರ ಅಂಚೆಗೆ ಬೀಳದೆ ಪತ್ರಿಕೆಗೆ ಬಂದಿದೆ. ಮುನಿಸು ಬೇಡ, ಹೆಸರು ಹಾಕಿಲ್ಲ.

ಜೆಟಿಪಿಯನ್ನು ಸ್ಪೋರ್ಟ್ಸ್ ಕಾರು ಎಂದರೆ ನಗುವವರಿದ್ದಾರೆ. ನಗಲಿ. ಟಿಯಾಗೊ ನಿನ್ನ ಊರಿನ ಪಕ್ಕದ ಸಾನಂದದಲ್ಲೇ ತಯಾರಾಗುವ ಕಾರು. ಟಾಟಾದವರು ಕೊಯಮತ್ತೂರಿನ ಜಯೇಮ್ ಕಂಪನಿಯ ಜೊತೆ ಸೇರಿ ಅದಕ್ಕೆ ಟರ್ಬೊ ಎಂಜಿನ್ ಕೂರಿಸಿ 2018ರ ಅಕ್ಟೋಬರಿನಲ್ಲಿ ಜೆಟಿಪಿ ಎಂದು ಬಿಟ್ಟರು. ಮಾಮೂಲಿ ಟಿಯಾಗೊದ ಪೆಟ್ರೋಲ್ ಎಂಜಿನ್ 85 ಪಿಎಸ್ ಕೊಟ್ಟರೆ ಇದು 114 ಕೊಡುತ್ತಿತ್ತು. ಬಿಎಸ್ 6 ನಿಯಮ ಬಂದ 2020ರಲ್ಲಿ ಅದರ ಕಥೆ ಮುಗಿಯಿತು. ಮಧ್ಯಮ ವರ್ಗದ ಕೈಗೆಟುಕಿದ ವೇಗದ ಕಾರುಗಳ ಬಾಳೇ ಇಷ್ಟು. ಪೋಲೊ ಜಿಟಿ ಇಲ್ಲ, ಅಬಾರ್ತ್ ಪುಂಟೊ ಇಲ್ಲ, ಬಲೆನೊ ಆರ್‌ಎಸ್ ಇಲ್ಲ. ಈಗ ಇವೆಲ್ಲ ಸಿಗುವುದು ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಮಾತ್ರ.

ನಿನ್ನ ಕಾರಿನಲ್ಲಿ ಕಂಪನಿಯೇ ಕೊಟ್ಟ ಹರ್ಮನ್ ಸಿಸ್ಟಮ್ ಇದೆ: ನಾಲ್ಕು ಸ್ಪೀಕರ್, ನಾಲ್ಕು ಟ್ವೀಟರ್. ಅದು ಕೆಟ್ಟದ್ದಲ್ಲ. ಅಂಗಡಿಯವನು ಮೊದಲು ಹೇಳುವುದು ಮಾತ್ರ ‘ಕಂಪನಿ ಮಾಲು ಕಿತ್ತುಹಾಕಿ, ಹತ್ತಿಂಚಿನ ಸ್ಕ್ರೀನ್ ಹಾಕಿ’ ಎಂದೇ. ಸ್ಕ್ರೀನು ಕಣ್ಣಿಗೆ ಕಾಣುತ್ತದೆ, ಸುಲಭವಾಗಿ ಮಾರಾಟವಾಗುತ್ತದೆ. ಆದರೆ ಸ್ಟೀರಿಂಗ್ ಮೇಲಿನ ಗುಂಡಿ, ಹಿಂದಿನ ಪಾರ್ಕಿಂಗ್ ಸೆನ್ಸರ್ ಎಲ್ಲ ಆ ಹಳೆಯ ಯೂನಿಟ್ಟಿಗೇ ಅಂಟಿಕೊಂಡಿವೆ. ಅದನ್ನು ಮುಟ್ಟಬೇಡ. ದುಡ್ಡು ಬಾಗಿಲಿಗೆ ಹೋಗಲಿ.

ಬಾಗಿಲಿಗೇ ಏಕೆ? ಸ್ಪೀಕರಿನ ಕಾಗದದ ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ಎಳೆಯುತ್ತದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ವಿರುದ್ಧ. ಎರಡೂ ಕೂಡಿದರೆ ಕೆಳಸ್ವರಗಳು ಪರಸ್ಪರ ಕೊಂದುಕೊಳ್ಳುತ್ತವೆ. ಅವು ಕೂಡದಂತೆ ತಡೆಯಬೇಕಾದದ್ದು ಬಾಗಿಲು. ಕಾರಿನ ಬಾಗಿಲೋ, ಒಳಗಿನ ತಗಡಿನಲ್ಲಿ ಅಂಗೈ ಅಗಲದ ತೂತುಗಳು, ಅದರ ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ. ಹೊರತಗಡು ಬೇರೆ, ತಾಳಕ್ಕೆ ತಕ್ಕಂತೆ ತಾನೂ ಗುಂಯ್‌ಗುಡುತ್ತದೆ. ಇಂಥ ಬಾಗಿಲಿಗೆ ಇಪ್ಪತ್ತು ಸಾವಿರದ ಸ್ಪೀಕರ್ ಹಾಕುವುದೆಂದರೆ ಬಿರುಕು ಬಿಟ್ಟ ಘಟಕ್ಕೆ ವಿದ್ವಾಂಸರನ್ನು ಕರೆಸಿದ ಹಾಗೆ.

ಮದ್ದು ಸರಳ. ಹೊರತಗಡಿನ ಒಳಮೈಗೆ ಡ್ಯಾಂಪಿಂಗ್ ಶೀಟ್ ಅಂಟಿಸಬೇಕು. ಪೂರ್ತಿ ಮುಚ್ಚಬೇಕಾಗಿಲ್ಲ, ಮೂರನೇ ಒಂದು ಭಾಗಕ್ಕೆ ಅಂಟಿಸಿದರೂ ಗುಂಯ್ ಎನ್ನುವುದು ನಿಲ್ಲುತ್ತದೆ. ಒಳತಗಡಿನ ತೂತುಗಳನ್ನು ಮಾತ್ರ ಬಿಡದೆ ಮುಚ್ಚಬೇಕು. ಬಾಗಿಲಿನ ತಳದಲ್ಲಿ ಮಳೆನೀರು ಬಸಿದುಹೋಗಲು ಇರುವ ಸಣ್ಣ ಕಿಂಡಿಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು, ಮುಚ್ಚಿದರೆ ಒಂದೆರಡು ಮಳೆಗಾಲದಲ್ಲಿ ಬಾಗಿಲು ತುಕ್ಕು ತಿನ್ನುತ್ತದೆ. ಎಲ್ಲ ಕಾರಿನ ಬಾಗಿಲೂ ಇಷ್ಟು ತೆಳುವಲ್ಲ. ಸೂರತ್ತಿನ ವಜ್ರದ ವ್ಯಾಪಾರಿ ಸವ್‌ಜಿ ಧೋಲಕಿಯಾ 2014ರ ದೀಪಾವಳಿಗೆ ತಮ್ಮ ಕೆಲಸಗಾರರಿಗೆ 491 ಕಾರು ಹಂಚಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ಅವು ಫಿಯಟ್ ಪುಂಟೊ. ಆ ಕಾರಿನ ಬಾಗಿಲು ಮುಚ್ಚಿದಾಗ ‘ಧಪ್’ ಎನ್ನುವ ದಪ್ಪ ಸದ್ದು ಬರುತ್ತದೆ, ಈಗಲೂ ಅದನ್ನು ಹೊಗಳುವವರಿದ್ದಾರೆ. ತಗಡು ಭಾರವಾದಷ್ಟೂ ಸ್ಪೀಕರಿಗೆ ಒಳ್ಳೆಯದು. ಸೂರತ್ತಿನಲ್ಲಿ ಅಂಥ ಪುಂಟೊ ಸಿಕ್ಕವನಿಗೆ ಬಾಗಿಲಿನ ಖರ್ಚು ಅಷ್ಟರಮಟ್ಟಿಗೆ ಉಳಿಯಿತು; ನಿನಗೆ ಉಳಿಯುವುದಿಲ್ಲ.

ಶೀಟ್ ಕೊಳ್ಳುವಾಗ ಊರಿನ ಬಿಸಿಲು ನೆನಪಿರಲಿ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಗಿತ್ತು. ಬಿಸಿಲಿಗೆ ನಿಂತ ಕಾರಿನ ಲೋಹ ಅದಕ್ಕಿಂತಲೂ ಎಷ್ಟೋ ಹೆಚ್ಚು ಕಾಯುತ್ತದೆ. ಛಾವಣಿ ಸೋರಿಕೆಗೆ ಅಂಟಿಸುವ ಅಗ್ಗದ ಡಾಂಬರಿನ ಪಟ್ಟಿಯನ್ನೇ ಡ್ಯಾಂಪಿಂಗ್ ಎಂದು ಮಾರುವವರಿದ್ದಾರೆ. ಏಪ್ರಿಲ್ ಬರುವ ಹೊತ್ತಿಗೆ ಅದು ಮೆತ್ತಗಾಗಿ ಜಾರುತ್ತದೆ, ಕಾರಿನೊಳಗೆಲ್ಲ ರಸ್ತೆ ಹಾಕುವಾಗಿನ ವಾಸನೆ. ಬ್ಯೂಟೈಲ್ ರಬ್ಬರಿನದೇ ಕೇಳು. ಬೆಲೆ ಜಾಸ್ತಿ, ಕೊಡು. ಮುಂದಿನ ಎರಡು ಬಾಗಿಲಿಗೆ ಕೂಲಿ ಸೇರಿ ನಾಲ್ಕೈದು ಸಾವಿರದ ಆಸುಪಾಸಿನಲ್ಲಿ ಆಗಬೇಕು. ಹಿಂದಿನ ಬಾಗಿಲುಗಳ ಸ್ಪೀಕರ್ ಮಕ್ಕಳನ್ನು ಹಿಂದೆ ಕೂರಿಸುವ ಕಾಲ ಬರುವವರೆಗೂ ಹಾಗೇ ಇರಲಿ.

ಇದಾದ ಮೇಲೆ ಒಂದು ತಿಂಗಳು ಸುಮ್ಮನೆ ಕೇಳು. ಇನ್ನೂ ಸಾಲದೆನಿಸಿದರೆ ಕೊರತೆ ಇರುವುದು ಬಹುಮಟ್ಟಿಗೆ ಶಕ್ತಿಯಲ್ಲಿ. ಡಬ್ಬದ ಮೇಲೆ ‘50 ವ್ಯಾಟ್ × 4’ ಎಂದು ಅಚ್ಚಾಗಿರುವುದು ಗರಿಷ್ಠ ಕ್ಷಣದ ಲೆಕ್ಕ. ಓಡುವ ಕಾರಿನ 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಡ್ಯಾಶ್‌ಬೋರ್ಡಿನ ಯೂನಿಟ್ ನಿರಂತರವಾಗಿ ಕೊಡಬಲ್ಲದ್ದು ಸುಮಾರು 18ರಿಂದ 20 ವ್ಯಾಟ್. ಅದನ್ನೇ ಆರ್‌ಎಂಎಸ್ ಎನ್ನುವುದು, ಅಂಗಡಿಯಲ್ಲಿ ಆ ಒಂದೇ ಅಂಕಿ ಕೇಳು. ಸ್ಪೀಕರ್ ಕೊಳ್ಳುವಾಗ ಸೆನ್ಸಿಟಿವಿಟಿಯನ್ನೂ ನೋಡು. 87 ಡೆಸಿಬೆಲ್‌ನ ಸ್ಪೀಕರಿನ ಬದಲು 90ರದ್ದು ಹಾಕಿದರೆ ಆಂಪ್ಲಿಫೈಯರನ್ನು ದುಪ್ಪಟ್ಟು ಮಾಡಿದಷ್ಟೇ ಲಾಭ, ಅದೂ ಪುಕ್ಕಟೆ.

ಇಷ್ಟರ ಮೇಲೂ ಆಂಪ್ಲಿಫೈಯರ್ ಬೇಕೇ ಬೇಕೆಂದರೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ, ಅಂದರೆ ಹೈ ಲೆವೆಲ್ ಇನ್‌ಪುಟ್ ಇರುವ ನಾಲ್ಕು ಚಾನೆಲ್ಲಿನ ಚಿಕ್ಕದೊಂದು ಸಾಕು. ಕಾರಿನ ಮೂಲ ವೈರಿಗೆ ಕತ್ತರಿ ಬೀಳಬಾರದು, ಆಯಾ ಕಾರಿಗೆಂದೇ ಕಪ್ಲರ್ ಸಿಗುತ್ತದೆ. ಪವರ್ ವೈರ್ ಶುದ್ಧ ತಾಮ್ರದ್ದಿರಲಿ. ಬ್ಲೇಡಿನಿಂದ ಒಂದೆಳೆ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ನೀರು ಕುಡಿಸಿದ ಅಲ್ಯುಮಿನಿಯಂ, ಅದಾದರೆ ಇನ್ನೂ ದಪ್ಪನೆಯದು ಬೇಕಾಗುತ್ತದೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರಿನ ಪಕ್ಕ ಫ್ಯೂಸ್ ಹಾಕಿ ಕೈತೊಳೆದುಕೊಂಡರೆ, ನಡುವಿನ ಅಷ್ಟುದ್ದದ ವೈರು ತಗಡಿಗೆ ಉಜ್ಜಿ ಶಾರ್ಟ್ ಆದ ದಿನ ಬೆಂಕಿ ತಡೆಯುವವರಿಲ್ಲ. ಈ ಒಂದು ಮಾತಿನಲ್ಲಿ ಮಾವ ಚೌಕಾಶಿಗೆ ಒಪ್ಪುವವನಲ್ಲ.

ಬೇಸ್ ವಿಷಯ. ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇ 93 ಕಿ.ಮೀ. ಬಿಗಿ ಸಸ್ಪೆನ್ಷನ್ನು, ಅಗಲ ಟಯರಿನ ಕಾರು ಅಲ್ಲಿ ನೂರರಲ್ಲಿ ಓಡುವಾಗ ಟಯರಿನ ಮೊರೆತ ನುಂಗುವುದು ಮೊದಲು ಕೆಳಸ್ವರಗಳನ್ನೇ. ಹುಡುಗರು ಬೇಸ್ ಗುಂಡಿ ತಿರುಗಿಸುತ್ತಾರೆ, ಸ್ಪೀಕರ್ ಒದರುತ್ತದೆ, ಹಾಡುಗಾರನ ಗಂಟಲು ಕಟ್ಟುತ್ತದೆ. ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಬೇಸ್ ಟ್ಯೂಬ್ ಇದಕ್ಕೆ ಉತ್ತರವಲ್ಲ. ಅದು ಪಾನ್ ಅಂಗಡಿಯ ಮುಂದೆ ನಿಲ್ಲುವ ಕಾರಿನ ಶೃಂಗಾರ. ಸೀಟಿನ ಕೆಳಗೆ ಕೂರುವ ಎಂಟಿಂಚಿನ ಊಫರ್, ತನ್ನದೇ ಆಂಪ್ಲಿಫೈಯರ್ ಇರುವಂಥದ್ದು, ಮುಂದಿನ ವರ್ಷದ ಬೋನಸ್ಸಿಗೆ ಇಟ್ಟುಕೊ. ಸೀಟಿನ ಕೆಳಗಿನ ಎತ್ತರ ಅಳೆದೇ ಅಂಗಡಿಗೆ ಹೋಗು. ಗುಜರಾತಿನಲ್ಲಿ ಅರ್ಧ ಡಿಕ್ಕಿ ಸಿಎನ್‌ಜಿ ಸಿಲಿಂಡರಿನದೇ ಆದ ಕಾರುಗಳು ಎಷ್ಟೋ. ಅಂಥ ಕಾರಿನವರಿಗೂ ದಾರಿ ಇದೊಂದೇ, ಗ್ಯಾಸ್ ಪೈಪಿನಿಂದ ಪವರ್ ವೈರ್ ದೂರ ಹೋಗಬೇಕೆಂಬ ಷರತ್ತಿನೊಂದಿಗೆ.

ಓಡಿಸುವಾಗ ನೀನು ಕೂತಿರುವುದು ಬಲಗಡೆ, ಆದ್ದರಿಂದ ಎಡಬಾಗಿಲ ಸ್ಪೀಕರ್ ಅರ್ಧ ಮೀಟರಿನಷ್ಟು ಹೆಚ್ಚು ದೂರ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಎಡದ ಸದ್ದು ಒಂದೂವರೆ ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟಕ್ಕೇ ಹಾಡುವವರು ಬಲಬಾಗಿಲಿನಲ್ಲಿ ಕೂತ ಹಾಗೆ ಕೇಳುತ್ತದೆ. ಇದನ್ನು ಸರಿಪಡಿಸುವ ಡಿಎಸ್‌ಪಿ ಇರುವ ಆಂಪ್ಲಿಫೈಯರುಗಳಿವೆ, ನಿನ್ನ ಬಜೆಟ್ಟಿಗೆ ತುಸು ಭಾರ. ಬಿಎಂಡಬ್ಲ್ಯು ಎಂ5ನಂಥ ಕಾರುಗಳಲ್ಲಿ ಇನ್ನೊಂದು ತಮಾಷೆ. 2011ರ ಮಾದರಿಯಿಂದ ಎಂಜಿನ್ ಗರ್ಜನೆಯನ್ನೂ ಸ್ಪೀಕರಿನಿಂದಲೇ ಕೇಳಿಸತೊಡಗಿದರು. ಅಲ್ಲಿ ಆಂಪ್ಲಿಫೈಯರ್ ಬದಲಿಸಿದರೆ ಕಾರಿನ ದನಿಯೇ ಬದಲಾದೀತು. ನಿನಗೆ ಆ ರಗಳೆಯಿಲ್ಲ.

ಬರೋಡಾದ ನಿನ್ನ ಗೆಳೆಯನಿಗೆ ಪೋಲೊ ಜಿಟಿ ಅಗ್ಗಕ್ಕೆ ಸಿಗುತ್ತಿದೆಯೆಂದು ಬರೆದಿದ್ದೀಯಲ್ಲ, ಅವನಿಗೆ ಹೇಳು: 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ, ಮೊಸಳೆಗಳು ಬಡಾವಣೆಗೆ ಬಂದಾಗ ಆ ಊರಿನ ಎಷ್ಟೋ ಕಾರುಗಳು ನೀರಿನಲ್ಲಿ ನಿಂತಿದ್ದವು. ಕಾರಿನ ಜಾತಕ ಬಾಗಿಲಿನಲ್ಲೇ ಇರುತ್ತದೆ. ಪ್ಯಾನೆಲ್ ಬಿಚ್ಚಿಸಿ ನೋಡಿದರೆ ಸ್ಪೀಕರಿನ ಕಾಗದ ಅಲೆಅಲೆಯಾಗಿ ಸುಕ್ಕಿರುವುದು, ಚೌಕಟ್ಟಿನ ಮೂಲೆಯಲ್ಲಿ ಒಣಗಿದ ಸಣ್ಣ ಕೆಸರು, ಕಪ್ಲರಿನ ಪಿನ್ನಿಗೆ ಹಸಿರು ಕಿಲುಬು. ಇವು ಕಂಡರೆ ಮ್ಯೂಸಿಕ್ ಸಿಸ್ಟಮ್ ಮಾತು ಬಿಟ್ಟು ಆ ಕಾರನ್ನೇ ಬಿಡಲಿ. ಮುಂದೆ ಕೈಕೊಡುವುದು ಹಾಡಷ್ಟೇ ಅಲ್ಲ, ಏರ್‌ಬ್ಯಾಗ್ ವೈರೂ ಹೌದು. ನೀನೂ ಎಲ್ಲಿಸ್‌ಬ್ರಿಜ್ ಬಳಿಯ ರವಿವಾರಿ ಸಂತೆಯಲ್ಲಿ ಹಳೆಯ ಆಂಪ್ಲಿಫೈಯರ್ ಕಂಡು ಮರುಳಾಗಬೇಡ. ಪುಸ್ತಕ ಕೊಳ್ಳಲು ಅದು ಒಳ್ಳೆಯ ಜಾಗ.

ಅಂಗಡಿಯಲ್ಲಿ ಪರೀಕ್ಷೆಗೆ ಹಚ್ಚುವುದು ಬರೀ ಢಬಢಬ ಹಾಡು. ಅದರಲ್ಲಿ ಯಾವ ಸ್ಪೀಕರೂ ಚೆನ್ನಾಗಿಯೇ ಕೇಳುತ್ತದೆ. ನೀನು ಭೀಮಸೇನ ಜೋಶಿಯವರ ಒಂದು ವಿಲಂಬಿತ್ ತೆಗೆದುಕೊಂಡು ಹೋಗು. ಅವರ ಗುರು ಕುಂದಗೋಳದ ಸವಾಯಿ ಗಂಧರ್ವರು, ಗುರುವಿನ ಗುರು ಬರೋಡಾ ದರಬಾರಿನಲ್ಲಿದ್ದ ಅಬ್ದುಲ್ ಕರೀಂ ಖಾನರು. ಆ ಗಾಯನಕ್ಕೆ ಗುಜರಾತಿನ ನಂಟು ಹಳೆಯದು. ಹಿಂದೆ ತಂಬೂರಿಯ ನಾಲ್ಕು ತಂತಿ ಬಿಡಿಬಿಡಿಯಾಗಿ ಕೇಳಬೇಕು. ತಾನ ಮೇಲೇರುವಾಗ ಕಿವಿ ಚುಚ್ಚಬಾರದು, ಖರ್ಜಕ್ಕೆ ಇಳಿದಾಗ ಬಾಗಿಲು ಅದುರಬಾರದು. ಎಂಜಿನ್ ನಿಲ್ಲಿಸಿ ಒಮ್ಮೆ, ಚಾಲೂ ಮಾಡಿ ಒಮ್ಮೆ ಕೇಳು. ಆಕ್ಸಿಲರೇಟರ್ ಒತ್ತಿದಂತೆ ಕೊಂಯ್ ಎಂದು ಏರುವ ಸದ್ದು ಸೇರಿಕೊಂಡರೆ ಅರ್ತಿಂಗ್ ಸರಿಯಿಲ್ಲ, ಅದು ಸರಿಯಾಗುವವರೆಗೆ ದುಡ್ಡು ಕೊಡಬೇಡ.

ಬಿಲ್ ಪಕ್ಕಾ ಇರಲಿ. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕ್ ಸಾಮಾನನ್ನು ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸಬೇಕು. ಅದಕ್ಕೆ ಬೆಲೆಯ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ. 15,000ದ ಸಾಮಾನಿಗೆ 600 ರೂಪಾಯಿ, ಮೇಲೆ ತೆರಿಗೆ. ಬಿಚ್ಚಿದ ಹರ್ಮನ್ ಸ್ಪೀಕರನ್ನು ಅಂಗಡಿಯವನಿಗೆ ‘ಎಕ್ಸ್‌ಚೇಂಜ್’ ಎಂದು ಬಿಟ್ಟುಬರಬೇಡ, ಕಾರು ಮಾರುವಾಗ ಅದನ್ನೇ ಮತ್ತೆ ಕೂರಿಸಿ ಹೊಸದನ್ನು ಮುಂದಿನ ಕಾರಿಗೆ ಒಯ್ಯಬಹುದು. ನವರಾತ್ರಿ ಹತ್ತಿರ ಬಂದರೆ ಅಲ್ಲಿನ ಸೌಂಡ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೆ ಮುಂಚೆ ವಾರದ ನಡುವೆ ಒಂದು ದಿನ ರಜೆ ಹಾಕು. ಬಾಗಿಲ ಪ್ಯಾನೆಲ್ ಬಿಚ್ಚುವಾಗ ಒಂದೆರಡು ಕ್ಲಿಪ್ ಮುರಿಯುವುದು ಖಂಡಿತ, ಟಾಟಾ ಬಿಡಿಭಾಗದ ಅಂಗಡಿಯಿಂದ ಹತ್ತು ಕ್ಲಿಪ್ ಮೊದಲೇ ತಂದು ಜೇಬಿನಲ್ಲಿ ಇಟ್ಟುಕೊಂಡಿರು.

ಇತಿ,
ಸೋದರಮಾವ