ಎಂಟು ನಾಲಿಗೆಗಳೂ ಒಂದೇ ದಪ್ಪ

ಮರದ ಮೇಜೊಂದನ್ನು ತಲೆಕೆಳಗು ಮಾಡಿ ನೋಡಿದರೆ ನಾಲ್ಕು ಕಾಲುಗಳೂ ಅವುಗಳನ್ನು ಬಂಧಿಸುವ ನಾಲ್ಕು ಅಡ್ಡಪಟ್ಟಿಗಳೂ ಕಾಣುತ್ತವೆ. ಒಳ್ಳೆಯ ಮೇಜಿನಲ್ಲಿ ಪ್ರತಿಯೊಂದು ಪಟ್ಟಿಯ ಎರಡು ತುದಿಗಳನ್ನೂ ತೆಳುವಾದ ನಾಲಿಗೆಯಂತೆ ಕತ್ತರಿಸಿ, ಕಾಲಿನಲ್ಲಿ ಕೊರೆದ ಕಂಡಿಯೊಳಗೆ ಸೇರಿಸಿ ಅಂಟು ಹಾಕಿರುತ್ತಾರೆ. ಈ ನಾಲಿಗೆಗೆ ಟೆನನ್ ಎಂದೂ ಕಂಡಿಗೆ ಮಾರ್ಟಿಸ್ ಎಂದೂ ಹೆಸರು. ಒಂದು ಮೇಜಿಗೆ ಎಂಟು ಟೆನನ್‌ಗಳು ಬೇಕು. ಒಂದನ್ನು ಸರಿಯಾಗಿ ಕತ್ತರಿಸುವುದು ಅಷ್ಟೇನೂ ಕಷ್ಟವಲ್ಲ. ಎಂಟನ್ನೂ ಒಂದೇ ದಪ್ಪಕ್ಕೆ ತರುವುದೇ ಕಷ್ಟ.

ದಪ್ಪದಲ್ಲಿ ಅಲ್ಪಸ್ವಲ್ಪ ಭೇದವಿದ್ದರೆ ನಷ್ಟವೇನು? ಟೆನನ್ ದಪ್ಪವಾದರೆ ಅದನ್ನು ಬಡಿದು ತೂರಿಸಬೇಕಾಗುತ್ತದೆ, ಕಾಲು ಸೀಳಬಹುದು. ತೆಳುವಾದರೆ ಎರಡು ಮೈಗಳ ನಡುವೆ ಸಂದು ಉಳಿಯುತ್ತದೆ. ಮರಗೆಲಸದ ಬಿಳಿಯ ಅಂಟು ತೆಳುವಾದ ಪೊರೆಯಾಗಿದ್ದಾಗ ಮಾತ್ರ ಬಿಗಿಯಾಗಿ ಹಿಡಿಯುತ್ತದೆ. ಸಂದನ್ನು ತುಂಬುವ ಶಕ್ತಿ ಅದಕ್ಕಿಲ್ಲ. ಆದುದರಿಂದ ನಾವು ಮಾತನಾಡುತ್ತಿರುವ ಪ್ರಮಾಣ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಎಂದರೆ ಬರೆಯುವ ಕಾಗದದ ಒಂದು ಹಾಳೆಯ ದಪ್ಪದಷ್ಟು.

ಪಳಗಿದ ಬಡಗಿಯು ಇದನ್ನು ಅಳತೆಯಿಂದ ಸಾಧಿಸುವುದಿಲ್ಲ. ಒಂದೊಂದು ಟೆನನ್ನನ್ನೂ ಅದರದೇ ಕಂಡಿಗೆ ಹಿಡಿದು ನೋಡಿ, ಉಳಿಯಿಂದ ಹೆರೆದು ಹೊಂದಿಸುತ್ತಾನೆ. ಆ ಹಸ್ತಕೌಶಲ ವರ್ಷಗಳ ಅಭ್ಯಾಸದಿಂದ ಬರುವಂಥದು. ಯಂತ್ರದ ಮಾರ್ಗ ಬೇರೆ. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಹಡಗಿನ ಮರದ ರಾಟೆಗಳಿಗೆ ಕಂಡಿ ಕೊರೆಯಲು ಮಾರ್ಕ್ ಬ್ರುನೆಲ್ ಯಂತ್ರಗಳನ್ನು ಯೋಜಿಸಿದನು. ಹೆನ್ರಿ ಮಾಡ್ಸ್ಲೆ ಅವನ್ನು ನಿರ್ಮಿಸಿದನು. ಅಲ್ಲಿ ನಿಖರತೆಯು ಕೆಲಸಗಾರನ ಕೈಯಲ್ಲಿರದೆ ಯಂತ್ರದ ಜೋಡಣೆಯಲ್ಲಿತ್ತು. ಇಂದಿನ ರೂಟರಿಗೂ ಇದೇ ಮಾತು ಅನ್ವಯಿಸುತ್ತದೆ.

ರೂಟರ್ ಎಂದರೆ ಒಂದು ವೇಗದ ಮೋಟಾರು, ಅದರ ದಂಡದ ತುದಿಗೆ ಬಿಗಿದ ಹರಿತವಾದ ಬಿಟ್ಟು ಮತ್ತು ಒಂದು ಚಪ್ಪಟೆ ಪೀಠ, ಇಷ್ಟೆ. 12 ಮಿ.ಮೀ. ವ್ಯಾಸದ ಬಿಟ್ಟು ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 12.5 ಮೀಟರು ವೇಗದಲ್ಲಿ ಚಲಿಸುತ್ತದೆ. ವಾಚಕರು ಲೆಕ್ಕ ಮಾಡಿ ನೋಡಬಹುದು.

ಈಗ ಸಾಮಾನ್ಯ ವಿಧಾನವನ್ನು ಪರೀಕ್ಷಿಸೋಣ. ಪಟ್ಟಿಯ ದಪ್ಪ 24 ಮಿ.ಮೀ., ಬೇಕಾದ ಟೆನನ್ 8 ಮಿ.ಮೀ. ಎಂದಿಟ್ಟುಕೊಳ್ಳಿ. ರೂಟರಿನ ಪೀಠವನ್ನು ಪಟ್ಟಿಯ ಮೇಲ್ಮೈಯ ಮೇಲಿಟ್ಟು 8 ಮಿ.ಮೀ. ಆಳ ಕತ್ತರಿಸುತ್ತೇವೆ, ಪಟ್ಟಿಯನ್ನು ಮಗುಚಿ ಇನ್ನೊಂದು ಮೈಯಿಂದಲೂ ಅಷ್ಟೇ ಆಳ ತೆಗೆಯುತ್ತೇವೆ. ಉಳಿಯುವುದು ಪಟ್ಟಿಯ ದಪ್ಪದಲ್ಲಿ ಆಳದ ಎರಡರಷ್ಟನ್ನು ಕಳೆದ ಮೊತ್ತ. ಈ ಸರಳ ಸಮೀಕರಣದಲ್ಲಿ ಎರಡು ದೋಷಗಳು ಅಡಗಿವೆ. ಆಳವನ್ನು ನಿಗದಿಮಾಡುವಾಗ 0.1 ಮಿ.ಮೀ. ತಪ್ಪಿದರೆ ಟೆನನ್ನಿನಲ್ಲಿ 0.2 ಮಿ.ಮೀ. ತಪ್ಪು. ಇದು ಎಂಟರಲ್ಲಿಯೂ ಸಮನಾಗಿರುವ ಕ್ರಮಬದ್ಧ ದೋಷ. ಒಂದು ಚೂರು ಮರದ ಮೇಲೆ ಪ್ರಯತ್ನಿಸಿ, ಬೇಕಾದ ವ್ಯತ್ಯಾಸದ ಅರ್ಧದಷ್ಟು ಮಾತ್ರ ಬಿಟ್ಟನ್ನು ಸರಿಸಿದರೆ ಪರಿಹಾರವಾಗುತ್ತದೆ. ಎರಡನೆಯದು ಕಪಟಿ. ಒಂದು ಪಟ್ಟಿ 23.8, ಇನ್ನೊಂದು 24.2 ಮಿ.ಮೀ. ಇದ್ದರೆ ಟೆನನ್‌ಗಳು 7.8 ಮತ್ತು 8.2 ಆಗುತ್ತವೆ. ರೂಟರನ್ನು ಎಷ್ಟು ಜಾಗರೂಕತೆಯಿಂದ ನಡೆಸಿದರೂ ಇದು ತಪ್ಪದು, ಏಕೆಂದರೆ ದೋಷವಿರುವುದು ಮರದಲ್ಲಿ. ಎಲ್ಲ ಪಟ್ಟಿಗಳನ್ನೂ ಮೊದಲೇ ಒಂದೇ ದಪ್ಪಕ್ಕೆ ಹತ್ತರಿ ಹೊಡೆಯುವುದು ಒಂದು ಉಪಾಯ.

ಅದಕ್ಕಿಂತ ಸೊಗಸಾದ ಉಪಾಯವೊಂದಿದೆ. ರೂಟರನ್ನು ಅಡ್ಡಲಾಗಿ ಬಿಗಿದು, ಬಿಟ್ಟು ಮೇಜಿನ ಮೈಗೆ ಸಮಾಂತರವಾಗಿ ಚಾಚಿಕೊಂಡಿರುವಂತೆ ಮಾಡಬೇಕು. ಪಟ್ಟಿಯ ಗುರುತು ಹಾಕಿದ ಒಂದು ಮೈ ಸದಾ ಕೆಳಗಿರಲಿ. ಮೊದಲು ಪಟ್ಟಿಯನ್ನು ಮೇಜಿನ ಮೇಲೆಯೇ ಜಾರಿಸಿ ಟೆನನ್ನಿನ ಮೇಲ್ಭಾಗವನ್ನು ಕತ್ತರಿಸುತ್ತೇವೆ. ಬಿಟ್ಟಿನ ಕೆಳ ಅಂಚು ಆ ಮೈಯನ್ನು ನಿರ್ಧರಿಸುತ್ತದೆ. ಅನಂತರ ಪಟ್ಟಿಯನ್ನು ಮಗುಚದೆ, ಅದರ ಕೆಳಗೆ ಸಮತಟ್ಟಾದ ಒಂದು ಹಲಗೆಯನ್ನಿಟ್ಟು ಎತ್ತರಿಸಿ ಪುನಃ ಜಾರಿಸುತ್ತೇವೆ. ಈಗ ಬಿಟ್ಟಿನ ಮೇಲಂಚು ಟೆನನ್ನಿನ ಕೆಳಮೈಯನ್ನು ನಿರ್ಧರಿಸುತ್ತದೆ. ಟೆನನ್ನಿನ ದಪ್ಪ ಎಷ್ಟಾಯಿತು? ಹಲಗೆಯ ದಪ್ಪದಲ್ಲಿ ಬಿಟ್ಟಿನ ವ್ಯಾಸವನ್ನು ಕಳೆದಷ್ಟು. 20 ಮಿ.ಮೀ. ಹಲಗೆ, 12 ಮಿ.ಮೀ. ಬಿಟ್ಟು: 8 ಮಿ.ಮೀ. ಟೆನನ್. ಪಟ್ಟಿಯ ದಪ್ಪ ಈ ಸಮೀಕರಣದಲ್ಲಿ ಬರುವುದೇ ಇಲ್ಲ. ಬಿಟ್ಟಿನ ಎತ್ತರವೂ ಬರುವುದಿಲ್ಲ. ಟೆನನ್ ತುಸು ಸಡಿಲವಾದರೆ ಹಲಗೆಗೆ ಒಂದು ಕಾಗದದ ಹಾಳೆಯನ್ನು ಅಂಟಿಸಿದರೆ ಸಾಕು, 0.1 ಮಿ.ಮೀ. ಹೆಚ್ಚುತ್ತದೆ.

ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ಮರವನ್ನು ಯಾವಾಗಲೂ ಅಂಚಿನ ಚಲನೆಗೆ ಎದುರಾಗಿ ನೂಕಬೇಕು. ಅದೇ ದಿಕ್ಕಿಗೆ ನೂಕಿದರೆ ಬಿಟ್ಟು ಮರವನ್ನು ಕೈಯಿಂದ ಕಸಿದುಕೊಳ್ಳುತ್ತದೆ. ತಿರುಗುವ ಚಕ್ರದ ಮೇಲಂಚೂ ಕೆಳ ಅಂಚೂ ವಿರುದ್ಧ ದಿಕ್ಕುಗಳಲ್ಲಿ ಚಲಿಸುತ್ತವೆಯಷ್ಟೆ. ಆದುದರಿಂದ ಎರಡನೆಯ ಸಲ ನೂಕುವ ದಿಕ್ಕು ಮೊದಲನೆಯದಕ್ಕೆ ವಿರುದ್ಧವಾಗಿರಬೇಕು. ಒಂದೇ ಸಲಕ್ಕೆ ಪೂರ್ಣ ಆಳ ತೆಗೆಯಬಾರದು. ಕಣ್ಣಿಗೆ ಕನ್ನಡಕವಿರಬೇಕು, ಬಿಟ್ಟನ್ನು ಮುಟ್ಟುವ ಮೊದಲು ವಿದ್ಯುತ್ ಸಂಪರ್ಕವನ್ನು ಕಳಚಿರಬೇಕು.

ದಪ್ಪದ ಮಾತು ಇಷ್ಟು. ಟೆನನ್ನಿನ ಬುಡದಲ್ಲಿ ಉಳಿಯುವ ಮೆಟ್ಟಿಲು, ಎಂದರೆ ಹೆಗಲು, ಅಷ್ಟೇ ಮುಖ್ಯ. ಮೇಜು ಚೌಕವಾಗಿ ನಿಲ್ಲುವುದು ಎದುರುಬದುರು ಪಟ್ಟಿಗಳಲ್ಲಿ ಹೆಗಲಿನಿಂದ ಹೆಗಲಿಗಿರುವ ದೂರ ಸಮನಾಗಿದ್ದರೆ ಮಾತ್ರ. ಪಟ್ಟಿಯ ಪ್ರತಿಯೊಂದು ತುದಿಯನ್ನೂ ಅಲುಗದ ಒಂದು ತಡೆಗೆ ಒತ್ತಿ ಕತ್ತರಿಸಿದರೆ ಟೆನನ್‌ಗಳ ಉದ್ದ ಸಮವಾಗುವುದು ನಿಜ; ಆದರೆ ಪಟ್ಟಿಗಳ ಉದ್ದದಲ್ಲಿ ಭೇದವಿದ್ದರೆ ಅದು ಪೂರ್ತಿಯಾಗಿ ಹೆಗಲುಗಳ ನಡುವಿನ ದೂರಕ್ಕೆ ಇಳಿಯುತ್ತದೆ. ಆದ್ದರಿಂದ ಜೋಡಿ ಪಟ್ಟಿಗಳನ್ನು ಒಟ್ಟಿಗೆ ಬಿಗಿದು ಒಂದೇ ಸಲ ಉದ್ದಕ್ಕೆ ಕೊಯ್ಯುವುದು ಉತ್ತಮ. ತಡೆಯ ಮೂಲೆಯಲ್ಲಿ ಕೂತ ಒಂದು ಚಿಟಿಕೆ ಹೊಟ್ಟು ಕೂಡ ಹೆಗಲನ್ನು ಸರಿಸಬಲ್ಲದು. ಪ್ರತಿ ಸಲವೂ ಕುಂಚದಿಂದ ಗುಡಿಸಬೇಕು.

ಕೊನೆಗೆ, ಮರವು ಗಾಳಿಯ ತೇವವನ್ನು ಹೀರಿ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ. ಬೇಸಗೆಯಲ್ಲಿ ಕತ್ತರಿಸಿಟ್ಟ ಟೆನನ್ ಮಳೆಗಾಲದಲ್ಲಿ ಅದೇ ಕಂಡಿಗೆ ಹೋಗದಿರಬಹುದು. ಕತ್ತರಿಸಿದ ದಿನವೇ ಜೋಡಿಸಿ ಅಂಟು ಹಾಕುವುದು ಲೇಸು.