ಬೀಗ ಬಿದ್ದ ಪುಸ್ತಕಗಳು

ಇ-ಪುಸ್ತಕ ಓದುವ ಎಳೆಯರಿಗೆ ನಾನು ಹೇಳುವುದಿಷ್ಟೇ: ಕದಿಯಬೇಡಿ, ನಿಮ್ಮನ್ನು ಕಳ್ಳರಂತೆ ಕಾಣಲೂ ಬಿಡಬೇಡಿ.

ಎರಡನೆಯದನ್ನು ಮೊದಲು ಹೇಳುತ್ತೇನೆ. ನಕಲು ತಡೆಯುವ ಡಿಆರ್‌ಎಂ ಎಂಬ ಬೀಗ ಬಿದ್ದ ಪುಸ್ತಕಕ್ಕೆ ಪೂರ್ತಿ ಬೆಲೆ ತೆತ್ತರೂ ಕೈಗೆ ಸಿಗುವುದು ಓದುವ ಅನುಮತಿ ಮಾತ್ರ. 2009ರ ಜುಲೈನಲ್ಲಿ ಅಮೆಜಾನ್, ಮಾರಿದವರಿಗೆ ಹಕ್ಕಿರಲಿಲ್ಲವೆಂದು ಜಾರ್ಜ್ ಆರ್ವೆಲ್‌ನ ಕಾದಂಬರಿಗಳನ್ನು ಓದುಗರ ಕಿಂಡಲ್ ಓದುಸಾಧನಗಳಿಂದಲೇ ಅಳಿಸಿಹಾಕಿತು. ದುಡ್ಡು ಮರಳಿತು, ಅಮೆಜಾನ್‌ನ ಅಂದಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕ ಮಳಿಗೆ ಮುಚ್ಚಿದಾಗ, ಕೊಂಡವರ ಪುಸ್ತಕಗಳೂ ತೆರೆಯದಾದವು. ಅಲ್ಲೂ ದುಡ್ಡು ಮರಳಿತು. ಪುಸ್ತಕ ಇಟ್ಟುಕೊಳ್ಳುತ್ತೇನೆ ಎನ್ನುವ ಆಯ್ಕೆಯನ್ನು ಮಾತ್ರ ಮೈಕ್ರೋಸಾಫ್ಟ್ ಕೊಡಲಿಲ್ಲ.

ನನಗೆ ಹೆಚ್ಚು ನೋವಾಗುವುದು ಕಣ್ಣು ಕಾಣದ ಓದುಗರನ್ನು ನೆನೆದಾಗ. ಕಿಂಡಲ್ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳತೊಡಗಿದ್ದೂ 2009ರಲ್ಲೇ. ಅಮೆರಿಕದ ಲೇಖಕರ ಸಂಘವಾದ ಆಥರ್ಸ್ ಗಿಲ್ಡ್ ತಕರಾರು ತೆಗೆಯಿತು, ಬೇಡವೆಂದ ಪ್ರಕಾಶಕರ ಪುಸ್ತಕಗಳಲ್ಲಿ ಆ ದನಿಯನ್ನು ಅಡಗಿಸಲು ಅಮೆಜಾನ್ ಒಪ್ಪಿತು. ದುಡ್ಡು ಕೊಟ್ಟವನಿಗೆ ಕೇಳಿಸಿಕೊಳ್ಳಲೂ ಬಿಡದ ಬೀಗದಿಂದ ಯಾವ ಲೇಖಕ ಉದ್ಧಾರವಾದಾನು? ದೃಷ್ಟಿಹೀನರಿಗೆ ಪುಸ್ತಕ ದೊರಕಿಸುವ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ್ದು ಭಾರತ. ಇದು ನನಗೆ ಹೆಮ್ಮೆಯ ಸಂಗತಿ.

ಹಾಗೆಂದು ಬೀಗದ ಮೇಲಿನ ಸಿಟ್ಟನ್ನು ಲೇಖಕರ ಮೇಲೆ ತೀರಿಸಬೇಡಿ. ಸಾವಿರ ಪ್ರತಿ ಅಚ್ಚಾದರೆ ಅದೇ ದೊಡ್ಡದೆನ್ನುವ ಕನ್ನಡದಲ್ಲಿ, ಹೊಸ ಕಾದಂಬರಿಯ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ಸುತ್ತತೊಡಗಿದರೆ ಎರಡನೇ ಮುದ್ರಣದ ಆಸೆ ಅಲ್ಲಿಗೇ ಮುಗಿಯಿತು. ಕಳಿಸಿದವರು ಸಾಹಿತ್ಯ ಸೇವೆ ಅಂದುಕೊಳ್ಳುತ್ತಾರೆ. ಅಲ್ಲ, ಅದು ಕಳವು. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಎನ್ನುತ್ತದೆ. ಉದ್ದೇಶವನ್ನು ನೋಡುವ ಕಾನೂನು ಇದು, ನನಗೆ ನ್ಯಾಯವೆನಿಸುತ್ತದೆ. ಕೊಂಡ ಪುಸ್ತಕವನ್ನು ತನ್ನ ಓದಿಗೆ ಉಳಿಸಿಕೊಳ್ಳುವವನೂ ಊರಿಗೆಲ್ಲ ಹಂಚುವವನೂ ಒಂದೇ ಅಲ್ಲ.

ಬೀಗವಿಲ್ಲದೆ ಮಾರುವವರಿದ್ದಾರೆ. ವೈಜ್ಞಾನಿಕ ಕಾದಂಬರಿಗಳ ಟಾರ್ ಪ್ರಕಾಶನ 2012ರಲ್ಲೇ ಬೀಗ ತೆಗೆಯಿತು, ಇಂದಿಗೂ ಪುಸ್ತಕ ಮಾರುತ್ತಿದೆ. ಅಂಥವರಿಂದ ಕೊಳ್ಳಿ. ನಿಮ್ಮಲ್ಲಿ ಕೆಲವರು ನಾಳೆ ಬರೆಯುವವರು, ಪ್ರಕಟಿಸುವವರು. ಇ-ಪುಸ್ತಕದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಬೀಗದ ಬಗ್ಗೆ ಏನು ಬರೆದಿದೆ ಎಂದು ಓದಿ. ಸ್ವತಃ ಕಿಂಡಲ್‌ನಲ್ಲಿ ಪ್ರಕಟಿಸುವವರಿಗೆ ಡಿಆರ್‌ಎಂ ಬೇಕೋ ಬೇಡವೋ ಎಂಬ ಆಯ್ಕೆ ಇದೆ. ಬೇಡ ಅನ್ನಿ.